ಶಾಲೆಗೆ ಟಿವಿ ಕೊಟ್ಟ ಕಂಪನಿ, ಅದೇ ಶಾಲೆ ಹಿಂದೆ ಡೀಸೆಲ್ ಹೊಗೆ. ಯಾರನ್ನ ಕೇಳೋದು?

ಶರಾವತಿ ದಂಡೆ
ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಸಾಗರ ತಾಲೂಕು, ಹಿನ್ನೀರಿನ ಕಡೆ ಊರು. ಕೊರೊನಾ ಹೊತ್ತಲ್ಲಿ ನಮ್ಮ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತುತ್ತಿದ್ದರು. ಮಳೆಯಲ್ಲಿ ಒಬ್ಬರು ಕೊಡೆ ಹಿಡಿದರೆ ಇನ್ನೊಬ್ಬರು ಮೊಬೈಲು ನೋಡೋದು. 2021ರಲ್ಲಿ ನಮ್ಮ ಕಡೆ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಅಭಿಯಾನ ಆಯ್ತಲ್ಲ, ಆಗ ಮನೆ ಮನೆ ತಿರುಗಿದವರಲ್ಲಿ ನಾನೂ ಇದ್ದೆ. ಹಾಗಾಗಿ ಟವರ್ ಬೇಡ ಅನ್ನೋಕೆ ಬಂದಿಲ್ಲ. ಟವರ್ ಬೇಕು.

ಟವರ್ ಬಂತು. ಶಾಲೆ ಕಾಂಪೌಂಡಿಗೆ ತಾಗಿರೋ ಖಾಸಗಿ ಜಾಗದಲ್ಲಿ. ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನ ಬರೋದಿಲ್ಲ. ಅಷ್ಟೂ ಹೊತ್ತು ಜನರೇಟರ್ ಓಡುತ್ತೆ. ಹೊಗೆ ಕೊಳವೆ ನೇರ ನಲಿ-ಕಲಿ ಕೊಠಡಿ ಕಿಟಕಿ ಕಡೆಗಿದೆ. ಮೇಡಂ ಕಿಟಕಿ ಮುಚ್ಚಿಕೊಂಡು ಪಾಠ ಮಾಡ್ತಾರೆ. ಕೆಳಗೆ ನಮ್ಮ ತೋಟದ ಬಸಿಗಾಲುವೆಯಲ್ಲಿ ನೀರಿನ ಮೇಲೆ ಎಣ್ಣೆ ತೇಲುತ್ತೆ.

ಇದರ ಜೊತೆಗೆ ಇನ್ನೊಂದು ಕತೆ. ಸಿಮ್ ಕಂಪನಿಯವರು ಸಾಮಾಜಿಕ ಜವಾಬ್ದಾರಿ ನಿಧಿಯಿಂದ ಶಾಲೆಗೆ ಒಂದು ಸ್ಮಾರ್ಟ್ ಟಿವಿ ಕೊಟ್ಟರು. ಟೇಪು ಕಟ್ ಮಾಡಿ, ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. ಎಂಟು ತಿಂಗಳಿಗೆ ಟಿವಿ ಕೆಟ್ಟಿತು. ಫೋನ್ ಮಾಡಿದರೆ ‘ಆ ಪ್ರಾಜೆಕ್ಟ್ ಮುಗಿದಿದೆ ಸರ್’ ಅಂತಾರೆ. ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ, ಪೋಷಕರು ನನ್ನನ್ನ ಕೇಳ್ತಾರೆ. ಕಂಪನಿ ಹೆಸರು ಇಲ್ಲಿ ಹಾಕೋದಿಲ್ಲ, ನನಗೆ ಜಗಳ ಬೇಡ, ಕೆಲಸ ಆಗಬೇಕು.

ನನ್ನ ಪ್ರಶ್ನೆ ಇಷ್ಟೇ. ಇವರ ಜವಾಬ್ದಾರಿ ಅಂದ್ರೆ ಟಿವಿ ಕೊಡೋದಾ, ಇಲ್ಲ ಹೊಗೆ ನಿಲ್ಲಿಸೋದಾ? ಯಾರ ಹತ್ತಿರ ಹೋಗಬೇಕು?

ಕೃಷ್ಣಾ ತೀರ
ನಮ್ಮ ರಾಯಚೂರು ಕಡೀನೂ ಇದ ಹಣೆಬರಹ ರೀ. ನಮ್ಮ ಸಾಲಿಗೆ ನೀರಿನ ಫಿಲ್ಟರ್ ಕೊಟ್ಟಿದ್ರು. ಕ್ಯಾಂಡಲ್ ಬದಲಿ ಮಾಡೋರ ಇಲ್ಲ. ಈಗ ಅದರ ಮ್ಯಾಲೆ ಚಾಕ್‌ಪೀಸ್ ಡಬ್ಬಿ ಇಟ್ಟಾರ.

ಹಳೇ ಸೈಟ್ ಟೆಕ್ನಿಷಿಯನ್
ಅಣ್ಣಾ, ನಾನು ಏಳು ವರ್ಷ ಹಾಸನ–ಚಿಕ್ಕಮಗಳೂರು ಕಡೆ ಟವರ್ ಸೈಟಲ್ಲಿ ಕೆಲಸ ಮಾಡಿದೋನು. ಮೊದಲು ಒಂದು ವಿಷಯ ತಿಳ್ಕೊಳ್ಳಿ: ಟಿವಿ ಕೊಟ್ಟ ಸಿಮ್ ಕಂಪನಿದೇ ಆ ಟವರ್ ಅಂತ ಅಂದ್ಕೋಬೇಡಿ. ಟವರ್ ಕಂಪನಿ ಬೇರೆ ಇರುತ್ತೆ. ಒಂದೇ ಟವರಲ್ಲಿ ಎರಡು ಮೂರು ಕಂಪನಿ ಆಂಟೆನಾ ಬಾಡಿಗೆಗೆ ಕೂತಿರುತ್ವೆ. ಗೇಟಿನ ಬೋರ್ಡ್ ನೋಡಿ, ಸೈಟ್ ಐಡಿ ಬರೆದಿರುತ್ತೆ. ಆ ನಂಬರ್ ಇಲ್ಲದೆ ನೀವು ಎಲ್ಲಿ ದೂರು ಕೊಟ್ರೂ ಯಾರೂ ಅಲ್ಲಾಡಲ್ಲ.

ಎರಡನೇದು, ಇದು ಮುಖ್ಯ. ಕರೆಂಟು ಹೋದ ಕೂಡಲೇ ಡಿಜಿ, ಅಂದ್ರೆ ಡೀಸೆಲ್ ಜನರೇಟರ್, ಸ್ಟಾರ್ಟ್ ಆಗಬಾರದು. ಮೊದಲು ಲೋಡು ಬ್ಯಾಟರಿ ಮೇಲೆ ಹೋಗಬೇಕು. ಹಳೇ ಸೈಟಲ್ಲಿ 48 ವೋಲ್ಟ್ ಬ್ಯಾಟರಿ ಬ್ಯಾಂಕು ಇರುತ್ತೆ, 2 ವೋಲ್ಟಿನ ಸೀಸದ ಸೆಲ್ಲು 24. ಚೆನ್ನಾಗಿದ್ರೆ ಕೆಲವು ಗಂಟೆ ಆರಾಮಾಗಿ ಎಳೆಯುತ್ತೆ. ವೋಲ್ಟೇಜ್ ಇಳಿದ ಮೇಲೆ ಡಿಜಿ ತಾನೇ ಶುರುವಾಗುತ್ತೆ. ಕರೆಂಟು ಹೋಗಿ ಎಷ್ಟು ನಿಮಿಷಕ್ಕೆ ಡಿಜಿ ಶುರುವಾಗುತ್ತೆ ಅಂತ ಗಡಿಯಾರ ನೋಡಿ ಬರ್ಕೊಳ್ಳಿ. ಹತ್ತು ನಿಮಿಷದೊಳಗೆ ಅಂದ್ರೆ ಬ್ಯಾಟರಿ ಸತ್ತಿದೆ. ಸತ್ತ ಬ್ಯಾಟರಿಗೆ ಬದಲಿ ಹಾಕೋ ದುಡ್ಡು ಉಳಿಸೋಕೆ ಡೀಸೆಲ್ ಸುಡ್ತಾ ಇದಾರೆ ಅಂತ ಅರ್ಥ.

ಶರಾವತಿ ದಂಡೆ
ಇದು ಗೊತ್ತೇ ಇರಲಿಲ್ಲ. ಇವತ್ತು ಮಧ್ಯಾಹ್ನ ಕರೆಂಟು ಹೋದಾಗ ನೋಡ್ತೀನಿ.

ಲೆಕ್ಕಿಗ
ವೃತ್ತಿಯಲ್ಲಿ ನಾನು ಲೆಕ್ಕಪರಿಶೋಧಕಿ, ಮೈಸೂರು. ಕಾನೂನು ಭಾಗ ನಾನು ಹೇಳ್ತೀನಿ.

ಕಂಪನಿ ಕಾಯ್ದೆ 2013ರ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ಇಲ್ಲ ವಹಿವಾಟು 1,000 ಕೋಟಿ, ಇಲ್ಲ ನಿವ್ವಳ ಲಾಭ 5 ಕೋಟಿ, ಇದರಲ್ಲಿ ಯಾವುದಾದರೂ ಒಂದು ದಾಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ಮಾಡೋ ಸ್ಥಳದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆಯಲ್ಲೇ ಇದೆ.

ಗಮನಿಸಬೇಕಾದ್ದು ಏನಂದ್ರೆ, ಕಂಪನಿ ತನ್ನ ದಿನನಿತ್ಯದ ವ್ಯವಹಾರಕ್ಕೆ ಮಾಡೋ ಕೆಲಸ ಈ ಲೆಕ್ಕಕ್ಕೆ ಬರೋದಿಲ್ಲ. ಟವರ್ ಹಾಕಿದ್ದು ಬರೋದಿಲ್ಲ. ಜನರೇಟರ್ ಹೊಗೆ ಸರಿ ಮಾಡೋದೂ ಬರೋದಿಲ್ಲ, ಅದು ಅವರ ಮೂಲ ಕರ್ತವ್ಯ. ಅಂದ್ರೆ ಟಿವಿ ಕೊಟ್ಟಿದೀವಿ ಅಂತ ಹೊಗೆಯ ಬಾಕಿ ತೀರೋದಿಲ್ಲ. ಎರಡೂ ಬೇರೆ ಬೇರೆ ಖಾತೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ.

ಟಿವಿ ವಿಷಯ: ಈ ನಿಧಿಯಿಂದ ಕೊಂಡ ಆಸ್ತಿ ಕಂಪನಿ ಹೆಸರಲ್ಲಿ ಇರುವಂತಿಲ್ಲ ಅಂತ 2021ರ ಜನವರಿ ತಿದ್ದುಪಡಿ ಹೇಳುತ್ತೆ. ಫಲಾನುಭವಿಗಳ ಹೆಸರಲ್ಲಿ, ಟ್ರಸ್ಟ್ ಅಥವಾ ಸಂಘದ ಹೆಸರಲ್ಲಿ, ಇಲ್ಲ ಸಾರ್ವಜನಿಕ ಸಂಸ್ಥೆ ಹೆಸರಲ್ಲಿ ಇರಬೇಕು. ಹಾಗಾಗಿ ಹಸ್ತಾಂತರ ಪತ್ರಕ್ಕೆ ಮುಖ್ಯೋಪಾಧ್ಯಾಯರು ಸಹಿ ಹಾಕಿದ ದಿನವೇ ಟಿವಿ ಶಾಲೆಯದ್ದಾಯ್ತು, ರಿಪೇರಿಯೂ ಶಾಲೆ ತಲೆಗೆ ಬಂತು. ಆ ಪತ್ರದಲ್ಲಿ ನಿರ್ವಹಣೆ ಬಗ್ಗೆ ಏನಾದ್ರೂ ಬರೆದಿದೆಯಾ ನೋಡಿ.

ಹಳೇ ಮೇಷ್ಟ್ರು
ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವನು ನಾನು. ನಿಮ್ಮ ಮಾತಿನ ಧಾಟಿ ನನಗೆ ಹಿಡಿಸಲಿಲ್ಲ ಅಂತ ನೇರವಾಗಿ ಹೇಳ್ತೀನಿ. ನಮ್ಮ ಶಾಲೆಗೂ ಒಂದು ಫೋನ್ ಕಂಪನಿಯ ಪ್ರತಿಷ್ಠಾನದವರು ಕಂಪ್ಯೂಟರ್ ಕೊಟ್ಟಿದ್ದರು, ನಾಲ್ಕು. ಮೊದಲ ಸಲ ಕೀಬೋರ್ಡ್ ಮುಟ್ಟಿದ ಒಬ್ಬ ಹುಡುಗಿ ಇವತ್ತು ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ. ಕೊಟ್ಟವರನ್ನ ಹೀಗೆ ಪ್ರಶ್ನೆ ಮಾಡ್ತಾ ಹೋದರೆ ಮುಂದಿನ ವರ್ಷ ಆ ದುಡ್ಡು ನಗರದ ಶಾಲೆಗೆ ಹೋಗುತ್ತೆ. ಹಳ್ಳಿ ಶಾಲೆಗೆ ಬರೋದೇ ಅಪರೂಪ.

ಲೆಕ್ಕಿಗ
ಮೇಷ್ಟ್ರೇ, ಆ ಹುಡುಗಿಯ ವಿಷಯ ಓದಿ ಸಂತೋಷ ಆಯ್ತು. ಕೊಡುಗೆ ಬೇಡ ಅಂತ ಯಾರೂ ಹೇಳ್ತಿಲ್ಲ. ಆದರೆ ಇದು ದಾನ ಅಲ್ಲ, ಕಾನೂನು ಹೇರಿದ ಖರ್ಚು. ಖರ್ಚಾಗದೆ ಉಳಿದ ಹಣವನ್ನ ಕಂಪನಿ ವಾಪಸ್ ಇಟ್ಟುಕೊಳ್ಳೋಕೆ ಈಗ ಅವಕಾಶ ಇಲ್ಲ. ಚಾಲ್ತಿಯಲ್ಲಿರೋ ಯೋಜನೆಯದ್ದಾದ್ರೆ ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು, ಇಲ್ಲದಿದ್ರೆ ಆರು ತಿಂಗಳೊಳಗೆ ಸರ್ಕಾರ ಹೇಳಿದ ನಿಧಿಗೆ ಕಟ್ಟಬೇಕು. ನಾವು ಕೇಳಿದ ಮಾತ್ರಕ್ಕೆ ದುಡ್ಡು ಮಾಯ ಆಗೋದಿಲ್ಲ.

ಹಳೇ ಮೇಷ್ಟ್ರು
ದುಡ್ಡು ಮಾಯ ಆಗೋದಿಲ್ಲಮ್ಮಾ, ಊರು ಬದಲಾಗುತ್ತೆ. ಅದು ನನ್ನ ಆತಂಕ.

ಜಯನಗರ 4ನೇ ಬ್ಲಾಕ್
ಎಲ್ಲರೂ ಟಿವಿ, ಹೊಗೆ ಅಂತಿದೀರಿ. ಶಾಲೆ ಪಕ್ಕ ಟವರ್ ಅಂದ್ರೆ ರೇಡಿಯೇಷನ್ ವಿಷಯ ಯಾಕೆ ಯಾರೂ ಎತ್ತುತ್ತಿಲ್ಲ? ಮಕ್ಕಳಿಗೆ ಕ್ಯಾನ್ಸರ್ ಬರುತ್ತೆ. ಮೊದಲು ಟವರ್ ತೆಗೆಸಿ.

ಆರ್‌ಎಫ್ ಇಂಜಿನಿಯರ್
ಹಾಗೆ ಹೇಳಬೇಡಿ, ಅಲ್ಲಿ ಊರವರು ಹೆದರಿಬಿಡ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರ ಮೇನಲ್ಲಿ ರೇಡಿಯೊ ತರಂಗಗಳನ್ನ ‘2ಬಿ’ ಗುಂಪಿಗೆ ಹಾಕಿತು ನಿಜ. ಸಾಧ್ಯತೆ ಇದ್ದೀತು, ಸಾಕ್ಷ್ಯ ಸೀಮಿತ ಅಂತ ಅದರರ್ಥ. ‘ಬರುತ್ತೆ’ ಅಂತಲ್ಲ. ಭಾರತ 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನ ತನ್ನ ಮಿತಿ ಮಾಡಿಕೊಂಡಿದೆ. 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್.

ಅನುಮಾನ ಇದ್ದವರು ದೂರಸಂಪರ್ಕ ಇಲಾಖೆಯ ತರಂಗ ಸಂಚಾರ ಜಾಲತಾಣದಲ್ಲಿ ಟವರ್ ಹುಡುಕಿ, ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು. ಇಲಾಖೆಯವರೇ ಬಂದು ನಿಮ್ಮೆದುರು ಅಳೀತಾರೆ. ಇನ್ನೊಂದು ಮಾತು, ಟವರಿನ ಬುಡದಲ್ಲಿ ಸಿಗ್ನಲ್ ಜಾಸ್ತಿ ಇರೋದಿಲ್ಲ, ಆಂಟೆನಾ ದೂರಕ್ಕೆ ನೋಡ್ತಿರುತ್ತೆ. ಆದರೆ ಡೀಸೆಲ್ ಹೊಗೆ ನೇರ ಬುಡದಲ್ಲೇ ಇರುತ್ತೆ. ಅದೇ ಸಂಸ್ಥೆ 2012ರಲ್ಲಿ ಡೀಸೆಲ್ ಇಂಜಿನ್ ಹೊಗೆಯನ್ನ ಗುಂಪು 1ಕ್ಕೆ ಸೇರಿಸಿದೆ. ಅಂದ್ರೆ ಕ್ಯಾನ್ಸರ್ ತರುತ್ತೆ ಅನ್ನೋದಕ್ಕೆ ಸಾಕಷ್ಟು ಸಾಕ್ಷ್ಯ ಇದೆ ಅಂತ. ಶಾಲೆ ಹಿಂದೆ ಹೆದರಬೇಕಾದ್ದು ಯಾವುದಕ್ಕೆ ಅಂತ ಯೋಚನೆ ಮಾಡಿ.

ಜಯನಗರ 4ನೇ ಬ್ಲಾಕ್
ಡೀಸೆಲ್ ಗುಂಪು 1ರಲ್ಲಿರೋದು ಗೊತ್ತಿರಲಿಲ್ಲ. ಸರಿ, ಒಪ್ಪಿದೆ. ಆದ್ರೂ ಅಳತೆ ಮಾಡಿಸೋದು ಒಳ್ಳೇದು.

ಗುಬ್ಬಿಗೂಡು
ಟವರ್ ಬಂದ ಮೇಲೆ ನಮ್ಮೂರಲ್ಲಿ ಗುಬ್ಬಚ್ಚಿ ಕಾಣ್ತಾನೇ ಇಲ್ಲ. ಇದೂ ಪರಿಸರದ ಹೊಣೆ ಅಲ್ವಾ?

ಕುಡ್ಲದ ಪೊಣ್ಣು
ಮಾರಾಯ್ರೆ, ಗುಬ್ಬಿಗೆ ಗೂಡು ಕಟ್ಟಲು ಹಂಚಿನ ಮಾಡು ಎಲ್ಲಿ ಉಂಟು ಈಗ? ಎಲ್ಲ ಆರ್‌ಸಿಸಿ. ಮರಿಗೆ ತಿನ್ನಿಸಲು ಹುಳ ಬೇಕು, ಅದಕ್ಕೂ ಔಷಧಿ ಹೊಡೆದು ಆಯ್ತು. ನಮ್ಮ ಅಜ್ಜಿ ಮನೆಯಲ್ಲಿ ಹಂಚಿನ ಮಾಡು ಹಾಗೇ ಉಂಟು, ಅರ್ಧ ಕಿಲೋಮೀಟರಿನಲ್ಲಿ ಟವರೂ ಉಂಟು, ಗುಬ್ಬಿಯೂ ಉಂಟು.

ಗುಬ್ಬಿಗೂಡು
ಒಂದು ಮನೆ ನೋಡಿ ತೀರ್ಮಾನ ಮಾಡೋಕಾಗುತ್ತಾ? ಪರಿಸರ ಸಚಿವಾಲಯ 2010ರಲ್ಲಿ ಪಕ್ಷಿ, ಜೇನುನೊಣಗಳ ಮೇಲೆ ಟವರಿನ ಪರಿಣಾಮ ನೋಡೋಕೆ ತಜ್ಞರ ಸಮಿತಿಯನ್ನೇ ಮಾಡಿತ್ತು.

ವೇದಿಕೆ ನಿರ್ವಾಹಕ
ಗುಬ್ಬಚ್ಚಿ ಮತ್ತು ರೇಡಿಯೇಷನ್ ಚರ್ಚೆಗೆ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ಇಲ್ಲಿ ಶಾಲೆ, ಜನರೇಟರ್, ಕಂಪನಿಯ ಹೊಣೆ ಬಗ್ಗೆ ಮಾತ್ರ.

ಶರಾವತಿ ದಂಡೆ
ನೋಡಿದೆ. ಕರೆಂಟು ಹೋಗಿದ್ದು 2:10. ಡಿಜಿ ಶುರುವಾಗಿದ್ದು 2:16. ಆರು ನಿಮಿಷ!

ಹಳೇ ಸೈಟ್ ಟೆಕ್ನಿಷಿಯನ್
ಸತ್ತೇ ಹೋಗಿದೆ ಬ್ಯಾಟರಿ. ಇನ್ನೊಂದು ವಾರ ಹೀಗೇ ಬರೆದಿಡಿ, ದಿನಾಂಕ ಹಾಕಿ. ಬೇಲಿ ಪಕ್ಕ ಹಳೇ ಸೆಲ್ ಏನಾದ್ರೂ ಬಿದ್ದಿದೆಯಾ ನೋಡಿ.

ಡಿಜಿ ಸಾಮರ್ಥ್ಯ ಎಷ್ಟು ಕೆವಿಎ ಅಂತ ಪ್ಲೇಟಿನ ಮೇಲೆ ಇರುತ್ತೆ, ಅದನ್ನೂ ಬರ್ಕೊಳ್ಳಿ. ಹೊಗೆ ಕೊಳವೆ ಎತ್ತರಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ ಇದೆ: ಕೆವಿಎಯ ವರ್ಗಮೂಲವನ್ನ 0.2ರಿಂದ ಗುಣಿಸಿ, ಡಿಜಿ ಇರೋ ಕಟ್ಟಡಕ್ಕಿಂತ ಅಷ್ಟು ಮೀಟರ್ ಮೇಲೆ ಹೋಗಬೇಕು. 25 ಕೆವಿಎಗೆ ಒಂದು ಮೀಟರ್. ನಾನು ನೋಡಿದ ಸೈಟುಗಳಲ್ಲಿ ಕೊಳವೆ ಸೊಂಟದ ಎತ್ತರಕ್ಕೆ ಮೊಂಡಾಗಿ ನಿಂತಿರೋದೇ ಹೆಚ್ಚು. ಡಿಜಿ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬಲ್ ದಾಟಬಾರದು. ಪೆಟ್ಟಿಗೆ ಬಾಗಿಲು ತೆಗೆದಿಟ್ಟು ಓಡಿಸಿದ್ರೆ ಖಂಡಿತ ದಾಟುತ್ತೆ. ಬಿಸಿಯಾಗುತ್ತೆ ಅಂತ ನಮ್ಮ ಹುಡುಗರು ಬಾಗಿಲು ತೆಗೆದೇ ಇಡ್ತಾರೆ.

ಕೃಷ್ಣಾ ತೀರ
ನಂದೊಂದು ಪ್ರಶ್ನೆ. ಸೋಲಾರ್ ಹಾಕಲಿಕ್ಕೆ ಏನ್ ರೋಗ ಇವರಿಗೆ? ನಮ್ಮ ಕಡೆ ವರ್ಷದಾಗ ಎಂಟು ತಿಂಗಳು ಬಿಸಲು ಸುಡತೈತಿ. ಪಾವಗಡದಾಗ 13,000 ಎಕರೆದಾಗ ಸೋಲಾರ್ ಪಾರ್ಕ್ ಮಾಡ್ಯಾರ, 2,050 ಮೆಗಾವ್ಯಾಟು. ಒಂದು ಟವರಿಗೆ ನಾಕು ಹಲಗಿ ಹಾಕಲಿಕ್ಕೆ ಆಗಂಗಿಲ್ಲ ಅಂದ್ರ ಹೆಂಗ?

ಆರ್‌ಎಫ್ ಇಂಜಿನಿಯರ್
ಇದು ಹೊಸ ಪ್ರಶ್ನೆಯೇ ಅಲ್ಲ ಸರ್. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2011ರಲ್ಲೇ ಲೆಕ್ಕ ಹಾಕಿತ್ತು. ಆಗ ದೇಶದಲ್ಲಿ ಸುಮಾರು 3.1 ಲಕ್ಷ ಟವರ್. ಬೇಕಾದ ವಿದ್ಯುತ್ತಿನಲ್ಲಿ ಶೇ 40 ಮಾತ್ರ ಕರೆಂಟಿನಿಂದ, ಶೇ 60 ಡೀಸೆಲ್‌ನಿಂದ. ವರ್ಷಕ್ಕೆ ಸುಮಾರು 200 ಕೋಟಿ ಲೀಟರ್ ಡೀಸೆಲ್. 2012ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ನಿರ್ದೇಶನ ಕೊಟ್ಟಿತು: 2015ರೊಳಗೆ ಹಳ್ಳಿ ಟವರುಗಳಲ್ಲಿ ಶೇ 50, ನಗರದಲ್ಲಿ ಶೇ 20 ನವೀಕರಿಸಬಹುದಾದ ಇಂಧನ ಸೇರಿದ ವ್ಯವಸ್ಥೆಗೆ ಬದಲಾಗಬೇಕು. 2020ರೊಳಗೆ ಶೇ 75 ಮತ್ತು ಶೇ 33.

ಶರಾವತಿ ದಂಡೆ
2020 ಕಳೆದ ಮೇಲೆ ನಿಂತ ಟವರ್ ನಮ್ಮದು. ಒಂದು ಹಲಗೆಯೂ ಇಲ್ಲ.

ಆರ್‌ಎಫ್ ಇಂಜಿನಿಯರ್
ಕಂಪನಿ ಪರ ಮಾತಾಡ್ತೀನಿ ಅಂದ್ಕೋಬೇಡಿ, ಕಷ್ಟವೂ ಇದೆ. 2ಜಿ ಇದ್ದಾಗ ಒಂದು ಸೈಟಿಗೆ ಬೇಕಾದ ವಿದ್ಯುತ್ತೇ ಬೇರೆ, 4ಜಿ ಬಂದಾಗ ಬೇರೆ, 2022ರ ಅಕ್ಟೋಬರಿನಲ್ಲಿ 5ಜಿ ಶುರುವಾದ ಮೇಲೆ ಇನ್ನೂ ಜಾಸ್ತಿ. ಅಷ್ಟು ಹಲಗೆಗೆ ಜಾಗ ಬೇಕು. ಮಲೆನಾಡಲ್ಲಿ ಸುತ್ತ ಮರ, ಜೂನ್‌ನಿಂದ ಸೆಪ್ಟೆಂಬರ್ ಮೋಡ. ಕರೆಂಟು ಹೋಗೋದೂ ಆಗಲೇ. ನಿಮ್ಮೂರಿಗೆ ಸೋಲಾರ್‌ಗಿಂತ ಲಿಥಿಯಂ ಬ್ಯಾಟರಿ ಮೊದಲು ಬೇಕು. ಬೇಗ ಚಾರ್ಜ್ ಆಗುತ್ತೆ, ಚಾರ್ಜ್ ತುಂಬಾ ಇಳಿದ್ರೂ ತಾಳಿಕೊಳ್ಳುತ್ತೆ. ರಾಯಚೂರಿನವರ ಕೇಸು ಬೇರೆ, ಅಲ್ಲಿ ಸೋಲಾರ್ ಹಾಕದೇ ಇರೋಕೆ ನೆಪ ಇಲ್ಲ.

ಕೃಷ್ಣಾ ತೀರ
ಅದನ್ನ ಬರ್ಕೊಡ್ರಿ ಸರ, ನಮ್ಮ ಪಂಚಾಯ್ತಿಗೆ ತೋರಸ್ತೀನಿ.

ಪ್ಯಾರಿಸ್ ಕನ್ನಡಿಗ
ದಾವಣಗೆರೆಯವನು, ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ. ನೀವೆಲ್ಲ ಪರಿಸರದ ಬಗ್ಗೆ ಬರೆದಿದ್ದೀರಿ, ಸಾಮಾಜಿಕ ಹೊಣೆ ಅಂದಾಗ ನನಗೆ ಮೊದಲು ನೆನಪಾಗೋದು ಇಲ್ಲಿಯ ಫ್ರಾನ್ಸ್ ಟೆಲಿಕಾಂ. ಸರ್ಕಾರಿ ಕಂಪನಿಯಾಗಿದ್ದದ್ದು ಖಾಸಗಿಯಾದ ಮೇಲೆ 22,000 ಜನರನ್ನ ಕಡಿಮೆ ಮಾಡೋ ಯೋಜನೆ ಹಾಕಿದರು. ಬಹುತೇಕರು ಸರ್ಕಾರಿ ನೌಕರರು, ಕೆಲಸದಿಂದ ತೆಗೆಯೋಕೆ ಬರೋದಿಲ್ಲ. ಹಾಗಾಗಿ ಅವರಾಗಿಯೇ ಬಿಟ್ಟು ಹೋಗೋ ಹಾಗೆ ಮಾಡಿದರು. ಊರಿಂದೂರಿಗೆ ವರ್ಗ, ಕೆಲಸ ಬದಲಾವಣೆ, ಮೇಲಿಂದ ಮೇಲೆ ಒತ್ತಡ. 2008–09ರ ಹೊತ್ತಿಗೆ ಹಲವು ನೌಕರರು ಜೀವ ಕಳೆದುಕೊಂಡರು. 2019ರ ಡಿಸೆಂಬರಿನಲ್ಲಿ ಪ್ಯಾರಿಸ್ ನ್ಯಾಯಾಲಯ ಕಂಪನಿಗೆ 75,000 ಯೂರೋ ದಂಡ ಹಾಕಿತು, ಮುಖ್ಯಸ್ಥರಾಗಿದ್ದ ದಿದಿಯೆ ಲೊಂಬಾರ್ ಅವರಿಗೂ ಶಿಕ್ಷೆ ಆಯಿತು. ಕಾನೂನಿನಲ್ಲಿ ಇದ್ದ ಗರಿಷ್ಠ ದಂಡವೇ ಅಷ್ಟು. ತೀರ್ಪು ಬರುವ ಹೊತ್ತಿಗೆ ಕಂಪನಿ ಆರೆಂಜ್ ಅಂತ ಹೆಸರು ಬದಲಿಸಿ ಆರು ವರ್ಷ ಆಗಿತ್ತು.

ಹೊರಗಿನವರಿಗೆ ಏನು ಕೊಟ್ಟರು ಅಂತ ನೋಡೋ ಮುಂಚೆ ಒಳಗೆ ದುಡಿಯುವವರನ್ನ ಹೇಗೆ ನೋಡಿಕೊಳ್ತಾರೆ ಅಂತ ಕೇಳಿ. ಟೆಕ್ನಿಷಿಯನ್ ಅವರೇ, ನಿಮ್ಮ ಅನುಭವ ಹೇಗಿತ್ತು?

ಹಳೇ ಸೈಟ್ ಟೆಕ್ನಿಷಿಯನ್
ಕೇಳಿದ್ದಕ್ಕೆ ಹೇಳ್ತೀನಿ ಸರ್. ಸಿಮ್ ಕಂಪನಿ ಟವರ್ ಕಂಪನಿಗೆ ದುಡ್ಡು ಕೊಡುತ್ತೆ. ಟವರ್ ಕಂಪನಿ ನಿರ್ವಹಣೆ ಗುತ್ತಿಗೆ ಕೊಡುತ್ತೆ. ಗುತ್ತಿಗೆದಾರ ತಾಲೂಕಿಗೊಬ್ಬ ಉಪಗುತ್ತಿಗೆದಾರನ್ನ ಇಟ್ಕೋತಾನೆ. ನಾನು ಅವನ ಆಳು. ನನ್ನ ಬೈಕು, ನನ್ನ ಪೆಟ್ರೋಲು, ಮೂವತ್ತು ನಲವತ್ತು ಸೈಟು. ರಾತ್ರಿ ಎರಡು ಗಂಟೆಗೆ ಆಲಾರಂ ಬಂದ್ರೂ ಹೊರಡಬೇಕು. 35 ಲೀಟರ್ ಕ್ಯಾನು ಬೈಕಿಗೆ ಕಟ್ಟಿಕೊಂಡು ಘಾಟಿಯಲ್ಲಿ, ಮಳೆಯಲ್ಲಿ. ಸೈಟಿಗೆ ಡೀಸೆಲ್ ಸುರಿಯುವಾಗ ಕೊಳವೆ ಇಲ್ಲ, ಪಂಪ್ ಇಲ್ಲ. ಕ್ಯಾನು ಎತ್ತಿ ಹುಯ್ಯೋದು. ಒಂದಷ್ಟು ನೆಲಕ್ಕೆ ಹೋಗೇ ಹೋಗುತ್ತೆ. ಶರಾವತಿ ದಂಡೆಯವರ ಬಸಿಗಾಲುವೆಗೆ ಬಂದ ಎಣ್ಣೆ ಅದೇ ಇರಬೇಕು.

ಹತ್ತೋಕೆ ಬೆಲ್ಟು ಕೊಟ್ಟಿದ್ರು, ಹುಕ್ಕು ತುಕ್ಕು ಹಿಡಿದಿತ್ತು. ಬದಲಿ ಕೇಳಿದ್ದಕ್ಕೆ ‘ಸ್ಟಾಕ್ ಬಂದಾಗ ಕೊಡ್ತೀವಿ’. ನನ್ನ ಜೊತೆಗಿದ್ದ ಒಬ್ಬ ಹುಡುಗ ಹದಿನೈದು ಅಡಿಯಿಂದ ಬಿದ್ದು ಸೊಂಟ ಮುರ್ಕೊಂಡ. ಆಸ್ಪತ್ರೆ ಖರ್ಚಿಗೆ ನಾವೇ ಟೆಕ್ನಿಷಿಯನ್‌ಗಳು ಒಟ್ಟು ಹಾಕಿದ್ವಿ. ಇಎಸ್‌ಐ ಕಾರ್ಡೇ ಆಗಿರಲಿಲ್ಲ ಅವನಿಗೆ. ಆ ವರ್ಷವೇ ನಾನು ಬಿಟ್ಟೆ.

ಹಳೇ ಮೇಷ್ಟ್ರು
ಇದನ್ನ ಓದಿ ಬಹಳ ಬೇಸರವಾಯ್ತು ಕಣಪ್ಪಾ. ಆ ಹುಡುಗ ಈಗ ಹೇಗಿದ್ದಾನೆ?

ಹಳೇ ಸೈಟ್ ಟೆಕ್ನಿಷಿಯನ್
ಓಡಾಡ್ತಾನೆ ಮೇಷ್ಟ್ರೇ. ಭಾರ ಎತ್ತೋಕಾಗಲ್ಲ. ಊರಲ್ಲಿ ಜೆರಾಕ್ಸ್ ಅಂಗಡಿ ಇಟ್ಕೊಂಡಿದಾನೆ.

ಕುಡ್ಲದ ಪೊಣ್ಣು
ಬ್ಯಾಟರಿ ವಿಷಯ ಬಿಡಬೇಡಿ. ನಾನು ಪರಿಸರ ಇಂಜಿನಿಯರಿಂಗ್ ಓದಿದವಳು. ಒಂದು ಸೈಟಿನ 24 ಸೆಲ್ ಅಂದ್ರೆ ನೂರಾರು ಕಿಲೋ ಸೀಸ. ಗುಜರಿಗೆ ಹೋದ್ರೆ ಯಾವುದೋ ಶೆಡ್ಡಿನಲ್ಲಿ ಒಡೆದು, ಆಸಿಡ್ ಚರಂಡಿಗೆ ಚೆಲ್ಲಿ, ಸೀಸ ಕರಗಿಸ್ತಾರೆ. ಆ ಹೊಗೆ ಮಕ್ಕಳ ಮಿದುಳಿಗೆ ಮಾಡುವ ಹಾನಿ ಹಿಂದೆ ತಿರುಗಿಸಲು ಬರುವುದಿಲ್ಲ. 2001ರಿಂದಲೇ ಬ್ಯಾಟರಿಗೆ ನಿಯಮ ಉಂಟು, 2022ರ ಆಗಸ್ಟಿನಲ್ಲಿ ಹೊಸದು ಬಂತು. ದೊಡ್ಡ ಪ್ರಮಾಣದಲ್ಲಿ ಬಳಸುವವರು ನೋಂದಾಯಿತ ಮರುಬಳಕೆದಾರರ ದಾರಿಗೇ ಕೊಡಬೇಕು. ಟವರಿನಿಂದ ಇಳಿಸುವ ಹಳೆಯ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗೆ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮ ಉಂಟು. ನಮ್ಮ ರಾಜ್ಯದಲ್ಲೇ ದಾಬಸ್‌ಪೇಟೆಯಲ್ಲಿ ಇ-ಪರಿಸರ ಅಂತ ಘಟಕ 2005ರಿಂದ ಉಂಟು, ಜಾಗ ಇಲ್ಲ ಅನ್ನುವ ಹಾಗಿಲ್ಲ.

ಶರಾವತಿ ದಂಡೆ
ಬೇಲಿ ಒಳಗೆ ಟಾರ್ಪಾಲಿನ ಕೆಳಗೆ ಕಪ್ಪು ಡಬ್ಬಿಗಳು ಕಾಣ್ತಿವೆ, ಹತ್ತು ಹನ್ನೆರಡು. ಮಕ್ಕಳು ಚೆಂಡು ಹೆಕ್ಕೋಕೆ ಅಲ್ಲಿಗೇ ನುಗ್ಗುತ್ತವೆ.

ಕುಡ್ಲದ ಪೊಣ್ಣು
ಅಯ್ಯೋ, ಅದನ್ನು ಇವತ್ತೇ ತಡೆಯಿರಿ. ಮುಟ್ಟಿದ್ರೆ ಕೈ ಸೋಪಿನಲ್ಲಿ ತೊಳೆಸಿ. ಹೊರಗಿನಿಂದಲೇ ಫೋಟೊ ತೆಗೆದು ಇಡಿ.

ಜಯನಗರ 4ನೇ ಬ್ಲಾಕ್
ಇಷ್ಟೆಲ್ಲ ಆಗೋ ಬದಲು ಸಿಮ್ ಪೋರ್ಟ್ ಮಾಡಿ ಬೇರೆ ಕಂಪನಿಗೆ ಹೋಗಿ. ಊರಿಗೆ ಊರೇ ಬಿಟ್ರೆ ಬುದ್ಧಿ ಬರುತ್ತೆ.

ಶರಾವತಿ ದಂಡೆ
ಬೇರೆ ಯಾವ ಸಿಗ್ನಲ್ಲೂ ಇಲ್ಲಿ ಸಿಗೋದಿಲ್ಲ. ನಗರದವರಿಗೆ ಇದು ಅರ್ಥ ಆಗೋದು ಕಷ್ಟ.

ಆರ್‌ಎಫ್ ಇಂಜಿನಿಯರ್
ಇದು ನಿಜ. ಲಾಭ ಇಲ್ಲದ ಊರಿಗೆ ಟವರ್ ಹಾಕೋಕೆ ಅಂತಲೇ 2002ರಿಂದ ಸಾರ್ವತ್ರಿಕ ಸೇವಾ ನಿಧಿ ಇದೆ, ಕಂಪನಿಗಳ ಆದಾಯದ ಶೇ 5 ಅದಕ್ಕೆ ಹೋಗುತ್ತೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. 2022ರ ಜುಲೈನಲ್ಲಿ 24,680 ಊರಿಗೆ 4ಜಿ ಕೊಡೋಕೆ 26,316 ಕೋಟಿ ಮಂಜೂರಾಗಿ ಬಿಎಸ್‌ಎನ್‌ಎಲ್‌ಗೆ ಕೆಲಸ ಕೊಟ್ಟರು. ನಿಮ್ಮೂರು ಆ ಪಟ್ಟಿಯಲ್ಲಿದೆಯಾ ಅಂತ ಬಿಎಸ್‌ಎನ್‌ಎಲ್ ಜಿಲ್ಲಾ ಕಚೇರಿಯಲ್ಲಿ ಕೇಳಿ. ಎರಡನೇ ಆಯ್ಕೆ ಬಂದರೆ ಮೊದಲನೆಯವರೂ ಮಾತು ಕೇಳ್ತಾರೆ.

ಲೆಕ್ಕಿಗ
ಯಾರ ಹತ್ತಿರ ಹೋಗಬೇಕು ಅನ್ನೋದಕ್ಕೆ ಬರ್ತೀನಿ. ಹೊಗೆ, ಸದ್ದು, ಎಣ್ಣೆ, ಬ್ಯಾಟರಿ ನಾಲ್ಕೂ ಸೇರಿ ಒಂದು ದೂರು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. ಅದರ ಒಂದು ಪ್ರತಿ ಗ್ರಾಮ ಪಂಚಾಯ್ತಿ ಪಿಡಿಒಗೆ. ಇನ್ನೆರಡು ಪ್ರತಿ, ಸಿಮ್ ಕಂಪನಿ ಮತ್ತು ಟವರ್ ಕಂಪನಿ ಇಬ್ಬರ ಕಂಪನಿ ಕಾರ್ಯದರ್ಶಿಗೂ ನೋಂದಾಯಿತ ಅಂಚೆಯಲ್ಲಿ. ಕಸ್ಟಮರ್ ಕೇರ್‌ಗೆ ಬೇಡ.

ಕಾರ್ಯದರ್ಶಿಗೆ ಯಾಕೆ ಅಂದ್ರೆ, ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2021ರ ಮೇನಲ್ಲಿ ತಂದ ನಿಯಮದಂತೆ ಷೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ವಾರ್ಷಿಕ ವರದಿ ಜೊತೆ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಕಡ್ಡಾಯವಾಗಿ ಕೊಡಬೇಕು. ಸ್ಥಳೀಯ ಸಮುದಾಯದಿಂದ ಆ ವರ್ಷ ಎಷ್ಟು ದೂರು ಬಂತು, ಎಷ್ಟು ಬಾಕಿ ಇದೆ ಅಂತ ಅದರಲ್ಲಿ ಒಂದು ಕೋಷ್ಟಕ ಇದೆ. ಈ ವರದಿಗಳಲ್ಲಿ ಆ ಜಾಗ ‘ಶೂನ್ಯ’ ಅಂತ ಇರೋದನ್ನ ನಾನೇ ಎಷ್ಟೋ ಸಲ ನೋಡಿದ್ದೇನೆ. ಊರವರು ಫೋನಲ್ಲಿ ಬೈದದ್ದು ಅಲ್ಲಿ ಲೆಕ್ಕಕ್ಕೆ ಬರೋದಿಲ್ಲ. ಬರವಣಿಗೆಯ ದೂರು, ಸ್ವೀಕೃತಿ ಇದ್ದರೆ ಶೂನ್ಯ ಅಂತ ಬರೆಯೋಕೆ ಅವರಿಗೆ ಧೈರ್ಯ ಬರೋದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಇಂಗಾಲ ಹೊರಸೂಸುವಿಕೆಯ ಲೆಕ್ಕವನ್ನ ಮೂರು ವರ್ಗ ಮಾಡ್ತಾರೆ. ಕಂಪನಿ ತಾನೇ ಸುಟ್ಟ ಡೀಸೆಲ್ ಮೊದಲನೇ ವರ್ಗದ ಹೊರಸೂಸುವಿಕೆ, ಕೊಂಡ ಕರೆಂಟು ಎರಡನೇದು, ಬೇರೆಯವರ ಕೈಲಿ ಆದದ್ದು ಮೂರನೇದು. ಟವರ್ ಬೇರೆ ಕಂಪನಿದಾದಾಗ ಅಲ್ಲಿ ಸುಟ್ಟ ಡೀಸೆಲ್ ಸಿಮ್ ಕಂಪನಿಯ ಮೂರನೇ ವರ್ಗಕ್ಕೆ ಜಾರಬಹುದು. ಅದಕ್ಕೆ ವರದಿ ಓದುವಾಗ ಮೂರೂ ಅಂಕಿ ಕೂಡಿಸಿ ನೋಡಿ. ದೊಡ್ಡ ಕಂಪನಿಗಳು ಗುರಿಯನ್ನೂ ಘೋಷಿಸಿವೆ. ಏರ್‌ಟೆಲ್ 2020–21ಕ್ಕೆ ಹೋಲಿಸಿ 2030–31ರೊಳಗೆ ಮೊದಲೆರಡು ವರ್ಗವನ್ನ ಶೇ 50.2, ಮೂರನೇದನ್ನ ಶೇ 42 ಇಳಿಸ್ತೀವಿ ಅಂದಿದೆ. ವೊಡಾಫೋನ್ ಐಡಿಯಾದಂತೆ ವರ್ಷಗಟ್ಟಲೆ ನಷ್ಟದಲ್ಲಿದ್ದ ಕಂಪನಿಗೆ ಶೇ 2ರ ಬಾಧ್ಯತೆಯೇ ಬರೋದಿಲ್ಲ, ಆದರೆ ಹೊಗೆ, ಬ್ಯಾಟರಿ ನಿಯಮ ಲಾಭ-ನಷ್ಟ ನೋಡೋದಿಲ್ಲ.

ಕೃಷ್ಣಾ ತೀರ
ಮೇಡಂ ಅವರಿಗೆ ಶರಣು. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಹಳೇ ಮೇಷ್ಟ್ರು
ನನ್ನ ಹಿಂದಿನ ಮಾತು ಸ್ವಲ್ಪ ತಿದ್ದಿಕೊಳ್ತೀನಿ. ಟಿವಿಗೆ ಕೃತಜ್ಞತೆ ಇರಲಿ, ಅದೇ ಪತ್ರದಲ್ಲಿ ಹೊಗೆ ವಿಷಯ ಬೆರೆಸಬೇಡಿ. ಎರಡು ಬೇರೆ ಪತ್ರ ಬರೆಯಿರಿ. ಒಂದರಲ್ಲಿ ಮಕ್ಕಳ ಹೆಸರಲ್ಲಿ ಟಿವಿ ದುರಸ್ತಿ ಕೋರಿಕೆ, ಇನ್ನೊಂದರಲ್ಲಿ ಊರಿನ ಹೆಸರಲ್ಲಿ ದೂರು. ಕನ್ನಡದಲ್ಲೇ ಬರೆಯಿರಿ, ಬೇಕಾದರೆ ನಾನು ತಿದ್ದಿಕೊಡ್ತೀನಿ.

ಶರಾವತಿ ದಂಡೆ
(ಐದು ವಾರದ ನಂತರ)
ಏನಾಯ್ತು ಅಂತ ಹೇಳೋಕೆ ಬಂದೆ. ಮೇಷ್ಟ್ರು ತಿದ್ದಿಕೊಟ್ಟ ಎರಡೂ ಪತ್ರ ಕಳಿಸಿದ್ದೆ. ಒಂಬತ್ತು ದಿನದ ಕರೆಂಟು–ಡಿಜಿ ಸಮಯದ ಪಟ್ಟಿ, ಫೋಟೊ, 64 ಜನರ ಸಹಿ. ಮಂಡಳಿ ಕಚೇರಿಯಿಂದ ಒಬ್ಬರು ಬಂದು ನೋಡಿ ಬರ್ಕೊಂಡು ಹೋದರು. ಅದಾಗಿ ನಾಲ್ಕನೇ ದಿನಕ್ಕೆ ಟವರ್ ಕಂಪನಿಯ ಗಾಡಿ ಬಂತು. ಟಾರ್ಪಾಲಿನ ಕೆಳಗಿದ್ದ ಡಬ್ಬಿಗಳನ್ನ ತಗೊಂಡು ಹೋದರು, ಎಲ್ಲಿಗೆ ಅಂತ ಚೀಟಿ ಕೇಳಿದ್ದಕ್ಕೆ ಕೊಟ್ಟರು. ಹೊಗೆ ಕೊಳವೆಯನ್ನ ಮೇಲಕ್ಕೆ ಏರಿಸಿ ಶಾಲೆಯ ವಿರುದ್ಧ ದಿಕ್ಕಿಗೆ ತಿರುಗಿಸಿದಾರೆ. ಬ್ಯಾಟರಿ ಹೊಸದು ಹಾಕಿಲ್ಲ, ‘ಆರ್ಡರ್ ಆಗಿದೆ’ ಅಂತಾರೆ. ಬಸಿಗಾಲುವೆ ಹಾಗೇ ಇದೆ. ಟಿವಿ ಬಗ್ಗೆ ಉತ್ತರವೇ ಇಲ್ಲ.

ಬಂದ ಟೆಕ್ನಿಷಿಯನ್ ಹುಡುಗನಿಗೆ ಮನೇಲಿ ಊಟ ಹಾಕಿದ್ವಿ. ಅವನ ಬೆಲ್ಟಿನ ಹುಕ್ಕೂ ತುಕ್ಕು ಹಿಡಿದಿತ್ತು.

ಹಳೇ ಸೈಟ್ ಟೆಕ್ನಿಷಿಯನ್
ಅದರ ಫೋಟೊ ಇದೆಯಾ ಅಣ್ಣಾ? ಅವನ ಮುಖ ಕಾಣದ ಹಾಗೆ, ಬೆಲ್ಟಿಂದು ಮಾತ್ರ.

ಶರಾವತಿ ದಂಡೆ
ತೆಗೆದಿಲ್ಲ. ಬ್ಯಾಟರಿ ಹಾಕೋಕೆ ಬಂದಾಗ ಅವನನ್ನ ಕೇಳಿ ತೆಗೀತೀನಿ.

ಲೆಕ್ಕಿಗ
ಅವನ ಒಪ್ಪಿಗೆ ಇದ್ದರೆ ಮಾತ್ರ. ಅವನ ಕೆಲಸ ಹೋಗಬಾರದು. ಮೂರನೇ ಪತ್ರಕ್ಕೆ ಕರಡು ನಾನು ಮಾಡ್ತೀನಿ. ಹೊಸ ಬ್ಯಾಟರಿ ಬಂದ ದಿನ ಮತ್ತೆ ನಿಮಿಷ ಲೆಕ್ಕ ಹಾಕಿ ಇಲ್ಲಿ ತಿಳಿಸಿ.